ಬೂದಿ ಬಣ್ಣದ ಕಾರಿನ ಸುಳಿ

ಬಿಸಿಲಿಗೆ ಕಾದ ತಗಡಿನ ಮೇಲೆ ಒದ್ದೆ ಬಟ್ಟೆ ಆಡಿಸಿದಾಗ ಏಳುವ ವಾಸನೆ ನಿಮಗೂ ಗೊತ್ತಿರಬೇಕು. ಮೊದಲು ನೆನೆದ ಧೂಳಿನದು, ಅದರ ಹಿಂದೆಯೇ ಬೆಚ್ಚಗಿನ ರೆಕ್ಸಿನ್ನಿನದು. ಮಕ್ಕಳನ್ನು ಸ್ಕೂಲಿನಿಂದ ಕರೆತರುವ ಮುಂಚೆ ಕಾರು ಒರಸುವಾಗೆಲ್ಲ ಆ ವಾಸನೆ ನನ್ನನ್ನು ಬೈರಮಂಗಲದ ನಮ್ಮ ಅಂಗಳದಲ್ಲಿ ಒಯ್ದು ನಿಲ್ಲಿಸುತ್ತದೆ. ಆ ಅಂಗಳ ಈಗಿಲ್ಲ. ತಾತ ಎತ್ತು ಕಟ್ಟುತ್ತಿದ್ದ ಜಾಗದಲ್ಲಿ ಕಾರ್ಖಾನೆಯೊಂದರ ಕಾಂಪೌಂಡು ಎದ್ದಿದೆ.

ಬಿಡದಿಯ ಸುತ್ತ ಹೊಲಗಳ ನಡುವೆ ಶೆಡ್ಡುಗಳು ಏಳುತ್ತಿದ್ದ ವರ್ಷಗಳವು. ನಾನು ಕಾನ್ವೆಂಟಿಗೆ ಹೋಗುತ್ತಿದ್ದೆ, ಅಪ್ಪ ಕಾರ್ಖಾನೆಯ ವ್ಯಾನು ಓಡಿಸುತ್ತಿದ್ದರು. ಅಜ್ಜಿಗೆ ಮಂಡಿನೋವು, ಬಸ್ಸಿನ ಮೆಟ್ಟಿಲು ಹತ್ತುವುದು ಆಗದ ಮಾತಾಗಿತ್ತು. ಅತ್ತ ಮಾಗಡಿಯಲ್ಲಿ ಅವರ ಅಕ್ಕನಿಗೆ ಎರಡೂ ಕಣ್ಣು ಹೋಗಿದ್ದವು. ಅಲ್ಲಿಗೆ ರೈಲಿಲ್ಲ, ಬಸ್ಸೇ ಗತಿ. ನನ್ನ ಜಡೆ ಹೆಣೆಯುತ್ತಾ ಅಜ್ಜಿ, "ಸಾಯೋದ್ರೊಳಗೆ ಒಂದ್ಸಲ ಅಕ್ಕನ್ನ ಮುಟ್ಬೇಕು ಕಣವ್ವ" ಎನ್ನುತ್ತಿದ್ದರು. ಅದಕ್ಕೇ ಅಪ್ಪ ಕಾರು ನೋಡಲು ಹೊರಟಿದ್ದು. ಕಡಿಮೆ ಪೆಟ್ರೋಲು ಕುಡಿಯುವ ಪುಟ್ಟ ಕಾರುಗಳು, ಊರಲ್ಲಿ ಯಾರೂ ಹೆಸರು ಕೇಳಿರದ ಕಂಪನಿ. "ಅದ್ಯಾವ ಕಂಪ್ನಿಲಾ, ಬಿಸ್ಕತ್ ಮಾಡೋರ್ದಾ?" ಎಂದು ಎದುರುಮನೆಯ ಚಿಕ್ಕಣ್ಣ ಕಟ್ಟೆಯ ಮೇಲಿಂದಲೇ ನಕ್ಕಿದ್ದ.

ಒಂದು ಭಾನುವಾರ ಕಂಪನಿಯವರು ಎರಡು ಕಾರು ತಂದು ಅಂಗಳದಲ್ಲಿ ನಿಲ್ಲಿಸಿದರು. ಒಂದು ಕೆಂಪು, ಇನ್ನೊಂದು ಬೂದಿ ಬಣ್ಣದ್ದು. ಅಂಗಳದಲ್ಲಿ ಎರಡು ವಿಮಾನ ಇಳಿದಿದ್ದರೂ ನಾನು ಅಷ್ಟು ಬೆರಗಾಗುತ್ತಿರಲಿಲ್ಲ. ಕನ್ನಡಿಯಲ್ಲಿ ನಮ್ಮ ಹುಣಸೆಮರ ಬೆರಳುದ್ದ ಕಾಣುತ್ತಿತ್ತು. ಸೀಟಿನ ಪ್ಲಾಸ್ಟಿಕ್ಕು ಮುಟ್ಟಿದರೆ ಸರಸರ ಎನ್ನುತ್ತಿತ್ತು. ಮಾರುವವರು ಮೈಲೇಜು ವಿವರಿಸುತ್ತಲೇ ಇದ್ದರು, ತಾತ ಕಿವಿಗೇ ಹಾಕಿಕೊಳ್ಳಲಿಲ್ಲ. ಟವೆಲ್ಲು ತಲೆಗೆ ಸುತ್ತಿ ಕೆಂಪು ಕಾರಿನ ಸುತ್ತ ಬಂದರು, ಬೆನ್ನು ತಟ್ಟಿದರು, ಬಾನೆಟ್ಟು ಎತ್ತಿಸಿ ಹಲ್ಲು ನೋಡುವವರಂತೆ ಬಗ್ಗಿದರು. ಆಮೇಲೆ, "ಒಸಿ ನಡ್ಸಪ್ಪ, ನಡ್ಗೆ ನೋಡ್ವ" ಎಂದು ಕೆರೆಯ ಏರಿಯುದ್ದಕ್ಕೂ ಅದರ ಹಿಂದೆ ನಡೆದೇ ಹೋದರು. ಎತ್ತು ಕೊಳ್ಳುವಾಗ ಅವರು ನೋಡುತ್ತಿದ್ದುದೇ ಹಾಗೆ. ನಡಿಗೆ ಪಾಸಾಯಿತು. ಆದರೆ ಸೀಟು ತಗ್ಗು, ಅಜ್ಜಿಯ ಮಂಡಿ ಅಷ್ಟು ಕೆಳಗಿಳಿಯಲಿಲ್ಲ.

ಬೂದಿ ಬಣ್ಣದ್ದು ನೋಡಲು ಕುಳ್ಳಗೆ, ಡಬ್ಬದಂತಿತ್ತು. ಬಾಗಿಲು ತೆಗೆದಾಗ ಅಜ್ಜಿ ಹಿಂದಿನ ಸೀಟಿಗೆ ಬೆನ್ನು ಮಾಡಿ ನಿಂತು ಹಾಗೇ ಕೂತುಬಿಟ್ಟರು. ಜಗಲಿಯ ಮೇಲೆ ಕೂತಷ್ಟೇ ಸಲೀಸು. ಅವರ ಮುಖ ಅರಳಿದ್ದನ್ನು ನಾನು ನೋಡಿದೆ. ಅಷ್ಟರಲ್ಲಿ ಮುಂದೆ ಬಗ್ಗಿದ್ದ ತಾತ ತಟ್ಟನೆ ನೆಟ್ಟಗಾದರು.

"ಎಡಗಣ್ ಮ್ಯಾಲೆ ಸುಳಿ ಐತೆ. ಇದು ಮನೆಗಾಗಕಿಲ್ಲ. ವಾಪಸ್ ಹೊಡ್ಕೊಂಡೋಗಪ್ಪ."

ಕೂದಲು ಸುತ್ತಿಕೊಂಡ ಸುಳಿ ತಪ್ಪು ಜಾಗದಲ್ಲಿದ್ದರೆ ಎಂಥ ಎತ್ತನ್ನೂ ತಾತ ಮನೆಗೆ ತಂದವರಲ್ಲ. ಹೋಗಿ ನೋಡಿದರೆ ಎಡಗಡೆಯ ಲೈಟಿನ ಮೇಲೆ, ಒದ್ದೆ ಬಟ್ಟೆಯಲ್ಲಿ ಒರಸಿದಾಗ ಒಣಗಿ ನಿಂತ ಧೂಳಿನ ಸುತ್ತು. ಅಪ್ಪ ಹಣೆ ಚಚ್ಚಿಕೊಂಡರು. "ಅದು ಧೂಳು ಕಣಪ್ಪ!" ತಾತ ಜಗ್ಗಲಿಲ್ಲ. "ಒರ್ಸುದ್ರೆ ಹೋಯ್ತದೆ. ನಂಗೆ ತೋರ್ಸ್ಕೊಂಡಿದ್ದು ಹೋದದಾ?" ಅವರ ಮಾತು ಮೀರಿ ಆ ಮನೆಗೆ ಒಂದು ಕರುವೂ ಬಂದಿರಲಿಲ್ಲ.

ಆಗ ಕಾರಿನ ಒಳಗಿನಿಂದ ಅಜ್ಜಿಯ ದನಿ ಬಂತು. "ನನ್ ಹಣೇಲೂ ಸುಳಿ ಐತೆ. ಈ ಹೆಣ್ಣು ಬ್ಯಾಡ ಅಂತ ನಿಮ್ಮವ್ವ ಒಸಿ ಬಡ್ಕೊಂಡ್ಳಾ? ನೀವು ವಾಪಸ್ ಹೊಡ್ಕೊಂಡೋದ್ರಾ? ನಾನಂತೂ ಇಳಿಯಕಿಲ್ಲ. ಬುಡ್ಲಾ ಮಗ, ಮಾಗಡಿಗೆ."

ಅಜ್ಜಿ ಹಾಗೆ ಎದುರಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಚಿಕ್ಕಣ್ಣ ಕೂಡ ಬೀಡಿ ಕೆಳಗಿಟ್ಟ. ತಾತ ಚಪ್ಪಲಿ ಹೊರಗೇ ಬಿಟ್ಟು, ಗುಡಿಯೊಳಕ್ಕೆ ಹೋಗುವವರಂತೆ ಬಗ್ಗಿ, ಮುಂದಿನ ಸೀಟಿನಲ್ಲಿ ಕೂತರು. ಮಾರುವವರು ನನ್ನ ಪಕ್ಕ ಮುದುರಿಕೊಂಡರು. ನೋಡಲು ತಂದ ಕಾರಲ್ಲೇ ಹೊರಟೆವು. ಸಾವನದುರ್ಗದ ಬಂಡೆ ಕಿಟಕಿಯ ತುಂಬ ಎದ್ದು ನಿಂತಿತು.

ಮಾಗಡಿಯ ಮನೆಯ ಮುಂದೆ ಅಜ್ಜಿಗೆ ಇಳಿಯಲಾಗಲಿಲ್ಲ, ಅಷ್ಟು ಹೊತ್ತು ಕೂತು ಕಾಲು ಮರಗಟ್ಟಿತ್ತು. ಸೊಸೆಯ ಕೈಹಿಡಿದು ಅಜ್ಜಿಯ ಅಕ್ಕ, ನನ್ನ ದೊಡ್ಡಜ್ಜಿಯೇ ಕಾರಿಗೆ ಬಂದರು. ನಾವು ಇಳಿದು ಬಿಟ್ಟ ಜಾಗದಲ್ಲಿ, ಅಜ್ಜಿಯ ಪಕ್ಕ ಕೂತು, "ಯಾರವ್ವ?" ಎಂದರು. ಅಜ್ಜಿ ಅವರ ಕೈ ಹಿಡಿದು ತಮ್ಮ ಕೆನ್ನೆಗೆ ಇಟ್ಟುಕೊಂಡರು. ದೊಡ್ಡಜ್ಜಿಯ ಬೆರಳು ಕೆನ್ನೆ, ಮೂಗು ಸವರಿ ಹಣೆಗೆ ಬಂದು, ಕೂದಲಂಚಿನ ಆ ಸುಳಿಯ ಮೇಲೆ ನಿಂತಿತು. "ನನ್ ತಂಗಿ," ಎಂದರು. ಅಪ್ಪ ಬಾಗಿಲು ಮೆಲ್ಲಗೆ ಮುಚ್ಚಿದರು. ಗಾಜಿನ ಆಚೆ ಎರಡು ಬಿಳಿ ತಲೆಗಳು ತಾಗಿಕೊಂಡು ಮಾತಾಡುತ್ತಿದ್ದವು, ನಮಗೇನೂ ಕೇಳಿಸುತ್ತಿರಲಿಲ್ಲ. ತಾತ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ನಿಂತೇ ಇದ್ದರು.

ಆ ಕಂಪನಿ ಆಮೇಲೆ ಮುಚ್ಚಿತಂತೆ. ನಾವು ಕೊಂಡ ಆ ಬೂದಿ ಬಣ್ಣದ ಕಾರೂ ಗುಜರಿಗೆ ಹೋಯಿತು, ಅದರಲ್ಲಿ ಕೂತಿದ್ದ ಹಿರಿಯರೂ ಒಬ್ಬೊಬ್ಬರಾಗಿ ಹೊರಟುಹೋದರು. ಈಗಲೂ ಕಾರು ಒರಸಿದ ಮೇಲೆ ಎಡಗಡೆಯ ಲೈಟಿನ ಮೇಲೆ ಧೂಳಿನದೊಂದು ಸುತ್ತು ಉಳಿದಿರುತ್ತದೆ. ಅದನ್ನು ಹಾಗೇ ಬಿಟ್ಟು, ಬಟ್ಟೆ ಹಿಂಡಿ ಒಣಗಲು ಹಾಕುತ್ತೇನೆ.