ಅಜ್ಜಿ ಹೇಳಿದ ಸುಳ್ಳು

ಕಲ್ಲಿಗೆ ಹಿಮ್ಮಡಿ ಕೊಟ್ಟು ಕರಕರ ಅಂತ ಉಜ್ತಾ ಇದ್ಲು ಅಜ್ಜಿ. ನಾನು ಪಕ್ಕದಲ್ಲೇ ಬೈಕ್ ಒರೆಸ್ತಾ ಇದ್ದೆ. "ಸಾಕು ಬಿಡಜ್ಜಿ, ಫಾದರ್‌ಗೂ ತೊಳಿಯೋಕೆ ಸ್ವಲ್ಪ ಉಳಿಸು" ಅಂದೆ. "ಸುಮ್ನಿರೋ ಕಪಿ. ಅದು ಪೂಜೆ ಮಾಡೋ ಕೈ. ಕೊಳೆ ಹತ್ತಬಾರ್ದು" ಅಂದ್ಲು. ಈಗ್ಲೂ ನಾನು ಕೆಲಸ ಮಾಡೋ ಮಾಚೇನಹಳ್ಳಿ ಶೆಡ್ಡಲ್ಲಿ ಯಾರಾದ್ರೂ ಕಬ್ಬಿಣಕ್ಕೆ ಎಮರಿ ಪೇಪರ್ ಉಜ್ಜಿದ್ರೆ ಅದೇ ಸೌಂಡು. ನಾನು ಎದ್ದು ಆಚೆ ಹೋಗ್ತೀನಿ.

ಗೊತ್ತಿಲ್ದೋರಿಗೆ ಹೇಳ್ತೀನಿ. ಈಸ್ಟರ್ ಹಿಂದಿನ ಗುರುವಾರ ಸಂಜೆ ಚರ್ಚಲ್ಲಿ ಹನ್ನೆರಡು ಜನನ್ನ ಸಾಲಾಗಿ ಕೂರಿಸಿ, ಫಾದರ್ ಮಂಡಿ ಊರಿ ಅವ್ರ ಕಾಲು ತೊಳೀತಾರೆ. ಯೇಸು ಶಿಷ್ಯರ ಕಾಲು ತೊಳೆದ ಹಂಗೆ. ಆ ವರ್ಷ ಹನ್ನೆರಡರಲ್ಲಿ ಅಜ್ಜಿನೂ ಒಬ್ಳು. ಮೂವತ್ತು ವರ್ಷ ಬರಿಗಾಲಲ್ಲಿ ಆ ಚರ್ಚ್ ಗುಡಿಸಿ ಗುಡಿಸಿ ಹಿಮ್ಮಡಿ ಒಡೆದು ಹೋಗಿತ್ತು. ಅಮ್ಮ ತೀರ್ಕೊಂಡ್ಮೇಲೆ ನನ್ನ ಸಾಕಿದ್ದೂ ಅವಳೇ, ಭದ್ರಾವತಿ ಫ್ಯಾಕ್ಟರಿ ಕ್ವಾರ್ಟರ್ಸಿನ ಒಂದೂವರೆ ರೂಮಲ್ಲಿ. ದಿನಾ ಸಂಜೆ ಜಪಸರ ಹಿಡ್ಕೊಂಡು ಮಂಡಿ ಊರಿಸೋಳು. ನಾನು ತೂಕಡಿಸಿದ್ರೆ ತಮಿಳಲ್ಲಿ ಪ್ರಾರ್ಥನೆ ಹೇಳ್ತಾ ಹೇಳ್ತಾನೇ ತೊಡೆ ಚಿವುಟೋಳು, ಪ್ರಾರ್ಥನೆ ಮಾತ್ರ ನಿಲ್ತಿರ್ಲಿಲ್ಲ. ಮೇಣದ ಬತ್ತಿ ವಾಸನೆ, ಅವಳ ಸೀರೆ ಸೋಪಿನ ವಾಸನೆ, ಅಷ್ಟೇ ನಮ್ಮನೆ. ಈಗ ಆ ಕ್ವಾರ್ಟರ್ಸ್ ಸಾಲು ಖಾಲಿ, ಗಿಡ ಬೆಳೆದು ಬಾಗ್ಲೂ ಕಾಣಲ್ಲ.

ಅಜ್ಜಿಗೆ ಮಂಡಿ ನೋವು, ಚರ್ಚ್ ತನಕ ನಡಿಯೋಕಾಗ್ತಿರ್ಲಿಲ್ಲ. ಐದೂವರೆಗೆ ಬಂದು ಕರ್ಕೊಂಡು ಹೋಗ್ತೀನಿ ಅಂತ ಮಾತು ಕೊಟ್ಟು ಕೆಲಸಕ್ಕೆ ಹೋದೆ. ನಾಲ್ಕಕ್ಕೇ ಬಿಟ್ರು. ದೋಸ್ತಿಗಳು ಕರೆದ್ರು ಅಂತ ಭದ್ರಾವತಿ ಕಡೆ ತಿರುಗೋ ಬದ್ಲು ಶಿವಮೊಗ್ಗಕ್ಕೆ ಹೋದೆ. ಸವಳಂಗ ರಸ್ತೇಲಿ ಬಿರಿಯಾನಿ. ತಿನ್ನೋವಾಗ ಫೋನ್ ಬಂತು. ಅಜ್ಜಿ. ಕಟ್ ಮಾಡಿದೆ. ಇನ್ನೊಂದ್ಸಲ ಬಂತು. "ಯಾರೋ ಮಾರಾಯ, ಇಷ್ಟೊಂದು ಅರ್ಜೆಂಟಲ್ಲಿರೋ ಹುಡುಗಿ?" ಅಂತ ಒಬ್ಬ ಕಾಲೆಳೆದ. "ಯಾವ್ದೋ ಲೋನ್ ಕಂಪನಿದು" ಅಂದು ಮತ್ತೆ ಕಟ್ ಮಾಡಿದೆ. ಮರೆತಿರ್ಲಿಲ್ಲ. ಮರೆತಿದ್ರೆ ಇದನ್ನ ಬರೀತಿರ್ಲಿಲ್ಲ.

ಮನೆಗೆ ಬಂದಾಗ ಎಂಟು ಗಂಟೆ. ಪೂಜೆ ಮುಗಿಸಿ ಫಾದರ್ ನಮ್ಮ ಬಾಗ್ಲಲ್ಲಿ ನಿಂತಿದ್ರು. ಅಜ್ಜಿ ಬಿಳಿ ಸೀರೆಲಿ ಮಂಚದ ಮೇಲೆ ಕೂತಿದ್ಲು. ಕಾಲು ನೆಲಕ್ಕೆ ಇಟ್ಟಿರ್ಲಿಲ್ಲ, ಟವೆಲ್ ಮೇಲೆ ಇಟ್ಕೊಂಡಿದ್ಲು. ಪಕ್ಕದ್ಮನೆಯೋರು ಆಟೋ ತರ್ತೀವಿ ಅಂದ್ರೆ "ಮೊಮ್ಮಗ ಬರ್ತಾನೆ, ಮಾತು ಕೊಟ್ಟಿದಾನೆ" ಅಂತ ಬೇಡ ಅಂದಿದ್ಲಂತೆ.

"ಯಾಕಮ್ಮ ಬರ್ಲಿಲ್ಲ? ನಿಮ್ಮ ಕುರ್ಚಿ ಖಾಲಿನೇ ಬಿಟ್ಟಿದ್ದೆ" ಅಂದ್ರು ಫಾದರ್.

"ತಲೆ ಸುತ್ತು ಬಂತು ಫಾದರ್. ಇವ್ನು ಟೈಮಿಗೆ ಸರಿಯಾಗಿ ಬಂದಿದ್ದ. ನಾನೇ ಬೇಡ ಅಂದೆ."

ಫಾದರ್ ನನ್ನ ಬೆನ್ನು ತಟ್ಟಿ, "ಒಳ್ಳೆ ಹುಡುಗ. ಅಜ್ಜಿನ ಚೆನ್ನಾಗಿ ನೋಡ್ಕೋ" ಅಂದ್ರು. ನಾನು ಹೂಂ ಅಂದೆ. ಹೂಂ ಅಂದೆ, ಅಷ್ಟೇ. ಅವ್ರು ಹೋದ್ಮೇಲೆ ಅಜ್ಜಿ ಬಯ್ಯಲೂ ಇಲ್ಲ. "ಊಟ ಆಯ್ತಾ?" ಅಂತ ಕೇಳಿದ್ಲು.

ಶನಿವಾರ ಬೆಳಿಗ್ಗೆ ಚರ್ಚಿಗೆ ಬಿಡು ಅಂದ್ಲು. ಪಾಪನಿವೇದನೆ ಮಾಡ್ಬೇಕಂತೆ, ಅಂದ್ರೆ ಮಾಡಿದ ತಪ್ಪನ್ನ ಫಾದರ್ ಹತ್ರ ಗುಟ್ಟಾಗಿ ಹೇಳಿ ಕ್ಷಮೆ ಕೇಳೋದು. ವಾರದ ಹಿಂದೆ ತಾನೇ ಮಾಡಿದೀಯಲ್ಲ, ನೀನೇನು ಪಾಪ ಮಾಡಿದೀಯ ಅಂದೆ. "ಫಾದರ್ ಹತ್ರ ಸುಳ್ಳು ಹೇಳಿದೀನಲ್ಲೋ. ಅದನ್ನ ಹೊತ್ಕೊಂಡು ನಾಳೆ ಈಸ್ಟರ್ ಪೂಜೆಲಿ ಹೆಂಗೆ ಪ್ರಸಾದ ತಗೊಳ್ಲಿ?" ಅಂದ್ಲು.

ಕರ್ಕೊಂಡು ಹೋದೆ. ಅವಳು ಗೋಡೆ ಹಿಡ್ಕೊಂಡು ಒಳಗೆ ಹೋದ್ಲು, ನಾನು ಗೇಟಲ್ಲಿ ಬೈಕ್ ಮೇಲೇ ಕೂತಿದ್ದೆ. ಅಲ್ಲಿಂದ ಪಾಪನಿವೇದನೆ ಮಾಡೋ ಜಾಗಕ್ಕೆ ಇಪ್ಪತ್ತು ಹೆಜ್ಜೆನೂ ಇಲ್ಲ. ನಾನು ಮಾಡಿದ್ದನ್ನ ಎಪ್ಪತ್ತಾರು ವರ್ಷದ ಮುದುಕಿ ತನ್ನ ಪಾಪ ಅಂತ ಮಂಡಿ ಊರಿ ಹೇಳ್ತಾ ಇದ್ಲು. ನಾನು ಇಳೀಲಿಲ್ಲ. ಲೇಟಾಯ್ತು ಅಂತ ಎರಡ್ಸಲ ಹಾರ್ನ್ ಹೊಡೆದೆ.

ಬಂದು ಹಿಂದೆ ಕೂತ್ಕೊಂಡು ಹೆಗಲು ಹಿಡ್ಕೊಂಡ್ಲು. "ನಂದು ಆಯ್ತು ಕಣೋ" ಅಂದ್ಲು. ನಾನೂ ಇಳಿದು ಒಳಗೆ ಹೋಗ್ತೀನೇನೋ ಅಂತ ಸ್ವಲ್ಪ ಹೊತ್ತು ಕಾದ್ಲು. ನಾನು ಕಿಕ್ ಹೊಡೆದೆ.

ಆ ಮಳೆಗಾಲದಲ್ಲೇ ಹೋಗ್ಬಿಟ್ಲು. ನಂದನ್ನ ನಾನು ಇನ್ನೂ ಫಾದರ್ ಹತ್ರ ಹೋಗಿ ಹೇಳಿಲ್ಲ. ಅಷ್ಟೇ, ಇನ್ನೇನೂ ಇಲ್ಲ ಹೇಳೋಕೆ.