ಚೋಕ್ ತಂತಿ ಕಾದ ಬೆಳಗು

ನಾನು ಇಳಕಲ್ಲಿಗೆ ಸೊಸೆಯಾಗಿ ಬರುವ ಹೊತ್ತಿಗೇ ಮಾವನವರ ಕಾರಿಗೆ ವಯಸ್ಸಾಗಿತ್ತು. ಕೀಲಿ ತಿರುವಿದರೆ ಒಮ್ಮೆ ಶುರುವಾಗುತ್ತಿತ್ತು, ಒಮ್ಮೆ ಇಲ್ಲ. ಹೊಸ ಬ್ಯಾಟರಿ ಹಾಕಿಸಿದ್ದಾಯಿತು, ಸ್ಟಾರ್ಟರ್ ಬಿಚ್ಚಿಸಿ ರಿಪೇರಿ ಮಾಡಿಸಿದ್ದಾಯಿತು, ರೋಗ ಮಾತ್ರ ಬಿಡಲಿಲ್ಲ. ಆದರೂ ಮಾವನವರು ಅದರಲ್ಲೇ ಸೀರೆಯ ಗಂಟು ಹೇರಿಕೊಂಡು ಬಾದಾಮಿ, ಬಾಗಲಕೋಟೆಯ ಅಂಗಡಿಗಳಿಗೆ ಹೋಗಿ ಬರುತ್ತಿದ್ದರು. ಬಾನೆಟ್ಟು ಮುಟ್ಟಲು ಮನೆಯಲ್ಲಿ ಯಾರಿಗೂ ಬಿಡುತ್ತಿರಲಿಲ್ಲ. ನಾನು ತವರಿನಲ್ಲೇ ಡ್ರೈವಿಂಗ್ ಕಲಿತಿದ್ದೆ. ಅದನ್ನು ಅವರು ಕೇಳಿಯೂ ಕೇಳದಂತೆ ಇರುತ್ತಿದ್ದರು.

ಆಮೇಲೆ ಅವರ ಎರಡೂ ಕಣ್ಣಿಗೆ ಪೊರೆ ಬಂತು. ಬಾಗಲಕೋಟೆಯ ನವನಗರದ ದವಾಖಾನೆಯಲ್ಲಿ ಒಂದು ಕಣ್ಣಿನ ಆಪರೇಷನ್ ಆಯಿತು. ಮರುದಿನ ಪಟ್ಟಿ ಬಿಚ್ಚಿಸಲು ಹೋಗಬೇಕಿತ್ತು. ನನ್ನ ಗಂಡ ನೂಲು ತರಲು ಸೊಲ್ಲಾಪುರಕ್ಕೆ ಹೋಗಿದ್ದರು. ಬಸ್ಸಿನ ನೂಕುನುಗ್ಗಲಿನಲ್ಲಿ ಬೇಡವೆಂದು ಅತ್ತೆ ಹಟ ಹಿಡಿದರು. ಮಾವನವರು ಕೀಲಿಯನ್ನು ನನ್ನ ಮುಂದೆ ಇಟ್ಟರು.

ಹುನಗುಂದದವರೆಗೆ ಚೆನ್ನಾಗಿಯೇ ಹೋದೆವು. ಅಂದು ಸಂತೆ. ಎತ್ತಿನ ಚಕ್ಕಡಿಗಳ ನಡುವೆ ನಿಧಾನವಾಗಿ ನುಸುಳುವಾಗ ನನ್ನ ಕಾಲು ಕ್ಲಚ್ಚಿನ ಮೇಲಿಂದ ಜಾರಿ ಎಂಜಿನ್ ಬಂದಾಯಿತು. ಕೀಲಿ ತಿರುವಿದೆ. ಟಕ್ ಎಂದಿತು, ಅಷ್ಟೇ. ಸುತ್ತಲಿದ್ದವರು ಕಾರನ್ನು ಬೇವಿನ ಗಿಡದ ಕೆಳಗೆ ದೂಡಿಕೊಟ್ಟರು. ಇನ್ನೂ ದೂಡಿ ಶುರು ಮಾಡೋಣವೆಂದರೆ ಮುಂದೆ ಜಾಗವೇ ಇರಲಿಲ್ಲ.

ದೀಪ ಹಚ್ಚಿ ಕೀಲಿ ತಿರುವು ಎಂದರು ಮಾವನವರು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಬರೀ ಮಂಜು. ಮುಂದಿನ ಅಂಗಡಿಯ ಗೋಡೆಯ ಮೇಲೆ ಬಿದ್ದ ಬೆಳಕನ್ನು ನಾನೇ ನೋಡಿ ಹೇಳಬೇಕಿತ್ತು.

"ದೀಪ ಮಂದ ಆತೇನು?"

"ಇಲ್ರಿ ಮಾವಾರ, ಇದ್ದಂಗ ಅದಾವ."

ಹಾಗಾದರೆ ಬ್ಯಾಟರಿ ಗಟ್ಟಿಯಾಗಿದೆ ಎಂದು ಇನ್ನೊಮ್ಮೆ ತಿರುವಲು ಹೇಳಿದರು. ಅವರ ಕೈ ರೂಢಿಯಂತೆ ಚೋಕಿನ ಗುಂಡಿಯ ಮೇಲಿತ್ತು. ನಾನು ಕೀಲಿ ತಿರುವಿದ್ದೇ ತಡ, ಕೈ ಹಿಂದಕ್ಕೆಳೆದುಕೊಂಡರು.

"ಇದ್ಯಾಕ ಸುಡಾಕತ್ತೇತಿ?"

ನಾನೂ ಮುಟ್ಟಿ ನೋಡಿದೆ. ಖರೆ, ಕಾದಿತ್ತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆಯೂ ಬರುತ್ತಿತ್ತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವಳು. ಬ್ಯಾಟರಿಯಿಂದ ಹೊರಟ ಕರೆಂಟು ಸುತ್ತಿ ಬ್ಯಾಟರಿಗೇ ಮರಳಬೇಕು ಎಂದು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿರಲಿಲ್ಲ! ಚೋಕಿನ ತಂತಿ ಇರುವುದು ಗುಂಡಿ ಎಳೆದಾಗ ಎಂಜಿನ್ನಿಗೆ ಹೋಗುವ ಗಾಳಿ ತಗ್ಗಿಸಲು, ಕರೆಂಟು ಹರಿಯಲು ಅಲ್ಲ. ಅದು ಕಾಯುತ್ತಿದೆ ಎಂದರೆ ಎಂಜಿನ್ನಿಗೆ ಬಂದ ಕರೆಂಟು ಮರಳುವ ದಾರಿ ಸಿಗದೆ ಈ ಸಣ್ಣ ತಂತಿಯಲ್ಲಿ ನುಗ್ಗುತ್ತಿದೆ. ಅಳುಕುತ್ತಲೇ ಹೇಳಿದೆ.

ಎಂಜಿನ್ನಿನ ಕೆಳಗೆ ಅದನ್ನೂ ಚಾಸಿಯನ್ನೂ ಜೋಡಿಸುವ ಚಪ್ಪಟೆಯಾಗಿ ಹೆಣೆದ ತಂತಿಯ ಪಟ್ಟಿಯೊಂದಿದೆ, ಕರೆಂಟು ಮರಳುವುದು ಅದರಲ್ಲೇ ಎಂದರು ಮಾವನವರು. "ಅದನ್ನ ಒಬ್ರೂ ಬಿಚ್ಚಿ ನೋಡಿಲ್ಲವ್ವಾ. ನಾನೂ ನೋಡಿಲ್ಲ."

ಪಕ್ಕದಲ್ಲಿ ಜೋಳದ ಚೀಲ ಇಳಿಸುತ್ತಿದ್ದ ಟ್ರ್ಯಾಕ್ಟರಿನವರ ಹತ್ತಿರ ಬ್ಯಾಟರಿಯಿಂದ ಬ್ಯಾಟರಿಗೆ ಜೋಡಿಸುವ ದಪ್ಪ ತಂತಿ ಇತ್ತು. ಅದನ್ನು ಕೇಳಿ ತಂದು, ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಎಂಜಿನ್ನಿನ ಬರಿ ಕಬ್ಬಿಣಕ್ಕೂ ಕಚ್ಚಿಸಿದೆ. ಕೀಲಿ ತಿರುವಿದ ಕೂಡಲೇ ಎಂಜಿನ್ ಗಿರ್ರನೆ ತಿರುಗಿ ಶುರುವಾಯಿತು. ಅಂಥ ಜೋರನ್ನು ಆ ಕಾರಿನಲ್ಲಿ ನಾನು ಕೇಳಿಯೇ ಇರಲಿಲ್ಲ.

"ಬಂದ್ ಮಾಡು," ಎಂದರು ಮಾವನವರು. ಮಾಡಿದೆ. "ಮತ್ತೊಮ್ಮೆ ಹಚ್ಚು." ಹಚ್ಚಿದೆ. ಕೇಳಿ ಕೇಳಿ ಅವರಿಗೆ ತೃಪ್ತಿಯಾಗಲೊಲ್ಲದು.

ಎಂಜಿನ್ ಬಂದ್ ಮಾಡಿ, ಗೋಣಿಚೀಲ ಹಾಸಿ, ಸೆರಗು ಸೊಂಟಕ್ಕೆ ಸಿಗಿಸಿ ಕಾರಿನ ಕೆಳಗೆ ನುಸುಳಿದೆ. ಎಣ್ಣೆ, ಮಣ್ಣು ಮೆತ್ತಿಕೊಂಡಿದ್ದ ಆ ಪಟ್ಟಿಯ ಅರ್ಧ ಎಳೆಗಳು ಹರಿದಿದ್ದವು. ಬೋಲ್ಟಿಗೆ ಜಂಗು ಹಿಡಿದಿತ್ತು. ಮಾವನವರು ಹೊರಗಿನಿಂದ ಪಾನಾ ಕೊಡುತ್ತ, ಯಾವ ಕಡೆ ತಿರುವಬೇಕೆಂದು ಹೇಳುತ್ತ ನಿಂತರು. ಜನ ಸೇರಿದ್ದರು. ಟ್ರ್ಯಾಕ್ಟರಿನವರು ಹೆಣ್ಮಗಳಿಗೆ ಯಾಕೆ ಕಷ್ಟ, ನಾನೇ ಮಾಡುತ್ತೇನೆ ಎಂದು ಬಾಗಿದರು. ಆಗ ಮಾವನವರು ಹೇಳಿದ್ದು ನನಗೆ ಕಾರಿನ ಕೆಳಗೆ ಸ್ಪಷ್ಟವಾಗಿ ಕೇಳಿಸಿತು:

"ಇರ್ಲಿ ಬಿಡ್ರಿ. ಹುಡುಕಿದಾಕಿ ಅಕಿ, ಅಕೀನ ಮುಗಸ್ತಾಳ."

ಬೋಲ್ಟು ಕೆರೆದು ಬಿಗಿ ಮಾಡಿದೆ. ಪಟ್ಟಿಯ ಉಳಿದ ಎಳೆಗಳು ನಮ್ಮನ್ನು ಬಾಗಲಕೋಟೆ ಮುಟ್ಟಿಸಿದವು. ನನ್ನ ಸೀರೆಯ ಮೇಲಿನ ಎಣ್ಣೆ ಕಲೆ ನೋಡಿ ಡಾಕ್ಟರು ಏನಾಯಿತೆಂದು ಕೇಳಿದರು. ಮಾವನವರು ಪಟ್ಟಿ ಬಿಚ್ಚಿಸಿಕೊಳ್ಳುತ್ತಲೇ ಪೂರ್ತಿ ಕತೆ ಹೇಳಿದರು. ಕಣ್ಣು ಬಿಟ್ಟವರು ಗೋಡೆಯ ಮೇಲಿನ ಅಕ್ಷರಗಳನ್ನು ಕೆಳಗಿನ ಸಾಲಿನ ತನಕ ಓದಿದರು.

ಬರುವಾಗ ಹೊಸ ಪಟ್ಟಿ ಕೊಂಡು ತಂದು ಇಬ್ಬರೂ ಸೇರಿ ಹಾಕಿದೆವು. ಚಳಿಗಾಲದಲ್ಲಿ ಅವರ ಇನ್ನೊಂದು ಕಣ್ಣೂ ಚೊಕ್ಕಾಯಿತು. ಮತ್ತೆ ತಾವೇ ಕಾರು ನಡೆಸತೊಡಗಿದರು. ಆದರೆ ರವಿವಾರ ಬಾದಾಮಿಗೆ ಹೊರಟರೆ ಎಡಗಡೆಯ ಬಾಗಿಲು ತೆಗೆದು ತಾವು ಕೂತು, ಕಾರು ನಡೆಸಲು ನಾನು ಬರುವುದನ್ನು ಕಾಯುತ್ತಿದ್ದರು.