ರೇಡಿಯೇಟರಿಗೆ ಹೊಯ್ದ ನೀರು

೧೯೮೮ರಲ್ಲಿ ನಾನು ಓದು ಬಿಟ್ಟೆ. ಆಗ ಎಂಟನೇ ತರಗತಿ ಅರ್ಧಕ್ಕೆ ಬಂದಿತ್ತು. ಯಾರೂ ಬಿಡಿಸಿದ್ದಲ್ಲ, ನಾನೇ ಬಿಟ್ಟದ್ದು. ಮರುವಾರವೇ ರೇಡಿಯೇಟರ್ ರಿಪೇರಿಯ ಅಂಗಡಿಯೊಂದರಲ್ಲಿ ಬೆಸುಗೆ ಹಾಕುವುದನ್ನು ಕಲಿಯಲು ಕುಳಿತೆ. ಇದನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣ ಇದೆ. ಮುಂದೆ ಬರೆದದ್ದನ್ನು ಓದಿ, ‘ಓದದ ಮನುಷ್ಯ, ಇಂಥದ್ದನ್ನೆಲ್ಲ ನಂಬುತ್ತಾನೆ’ ಎಂದು ಯಾರಿಗಾದರೂ ಅನ್ನಿಸಬಹುದು. ಅನ್ನಿಸಿದರೆ ಅನ್ನಿಸಲಿ. ಆದರೆ ನಾನು ನಂಬುವವರ ಪೈಕಿ ಅಲ್ಲವೇ ಅಲ್ಲ. ಕುಲಶೇಖರದ ನಮ್ಮ ಓಣಿಯಲ್ಲಿ ರಸ್ತೆ ಬದಿ ಬಿಳಿ ಆಕೃತಿ ಕಂಡವರಿದ್ದಾರೆ, ಸತ್ತ ಅಜ್ಜಿ ಬಾಗಿಲು ತಟ್ಟಿದ್ದನ್ನು ಕೇಳಿದವರಿದ್ದಾರೆ. ಅವರ ಮುಖದೆದುರೇ ನಕ್ಕವನು ನಾನು.

ನನ್ನ ಕಸುಬು ಅಂಥದ್ದು. ರೇಡಿಯೇಟರ್ ಸೋರುತ್ತದೆ ಎಂದರೆ ಎಲ್ಲೋ ತೂತು ಇದೆ ಎಂದೇ ಅರ್ಥ. ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಬಿಟ್ಟರೆ ಗುಳ್ಳೆ ಬಂದೇ ಬರುತ್ತದೆ, ಗುಳ್ಳೆ ಎದ್ದಲ್ಲಿ ಬೆಸುಗೆ. ಕಾರಣ ಇಲ್ಲದೆ ಸೋರುವ ರೇಡಿಯೇಟರ್ ಒಂದನ್ನೂ ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ. ಪ್ರಪಂಚವೂ ಹಾಗೆಯೇ ಎಂದು ತಿಳಿದುಕೊಂಡಿದ್ದೆ.

ಫೋಟೋದ ಹುಚ್ಚು ಹಿಡಿದದ್ದು ನಲವತ್ತು ದಾಟಿದ ಮೇಲೆ. ದುಬೈಯಲ್ಲಿದ್ದ ಚಿಕ್ಕಪ್ಪನ ಮಗ ಊರಿಗೆ ಬಂದಾಗ ತನ್ನ ಹಳೆಯ ಕ್ಯಾಮೆರಾ ನನಗೆ ಕೊಟ್ಟು ಹೋದ. ಅಂದಿನಿಂದ ರಜೆ ಸಿಕ್ಕಿದಾಗಲೆಲ್ಲ ಹೆಂಡತಿ ಲಿಲ್ಲಿ, ಮಗಳು ಶರಲ್ ಇಬ್ಬರನ್ನೂ ಓಮ್ನಿಯಲ್ಲಿ ಕೂರಿಸಿಕೊಂಡು ಕಾಡಿನ ಕಡೆ ಹೊರಡುವುದು. ನಾಗರಹೊಳೆಗೆ ಹೋದೆವು, ಬಂಡೀಪುರಕ್ಕೆ ಹೋದೆವು, ಹೆಚ್ಚಾಗಿ ನಮಗೆ ಹತ್ತಿರದ ಕುದುರೆಮುಖಕ್ಕೆ. ಉಳಿದವರು ಹುಲಿ, ಆನೆ ಎಂದು ಹುಡುಕುತ್ತಾರೆ. ನನಗೆ ಗುಡ್ಡ, ಹುಲ್ಲು, ಆಕಾಶ ಸಾಕು. ಫೋಟೋದಲ್ಲಿ ಮನುಷ್ಯರು ಬರಬಾರದು ಎಂಬುದು ನಾನೇ ಮಾಡಿಕೊಂಡ ನಿಯಮ. ಮನುಷ್ಯ ಬಂದರೆ ನೋಡುವವರ ಕಣ್ಣು ನೇರ ಅವನ ಮೇಲೆ ಹೋಗುತ್ತದೆ, ಗುಡ್ಡ ಬರೀ ಹಿಂದಿನ ಪರದೆಯಾಗುತ್ತದೆ.

“ಮೂರು ಜನ ಹೋಗಿ ಬಂದದ್ದಕ್ಕೆ ಒಂದು ಗುರುತು ಬೇಡವಾ? ನೆಂಟರು ಕೇಳಿದ್ರೆ ಎಂತ ತೋರಿಸುದು, ಈ ಬೋಳು ಗುಡ್ಡವಾ?” ಎಂದು ಲಿಲ್ಲಿ ಪ್ರತಿ ಸಲ ಗೊಣಗುತ್ತಾಳೆ. ನನ್ನ ಅಂಗಡಿಯ ಪಕ್ಕದಲ್ಲಿ ಟಯರ್ ಅಂಗಡಿ ಇಟ್ಟಿರುವ ಅಬ್ಬಾಸ್‌ನದ್ದು ಇನ್ನೊಂದು ತಮಾಷೆ. “ಗುಡ್ಡಕ್ಕೆ ಪಾಸ್‌ಪೋರ್ಟ್ ಮಾಡಿಸ್ಲಿಕ್ಕುಂಟಾ ಮಾರಾಯ? ಎಷ್ಟು ಫೋಟೋ ತೆಗೀತಿ ಅದರದ್ದು!”

ಬಲ್ಮಠದಲ್ಲಿ ಹವ್ಯಾಸಿ ಫೋಟೋಗ್ರಾಫರುಗಳ ಒಂದು ಸಂಘ ಇದೆ. ಡಾಕ್ಟರುಗಳು, ಲೆಕ್ಚರರುಗಳು, ಬ್ಯಾಂಕಿನವರು. ನನ್ನ ಗಿರಾಕಿಯಾಗಿದ್ದ ಒಬ್ಬ ಡಾಕ್ಟರು ನನ್ನನ್ನೂ ಸೇರಿಸಿದರು. ಅವರು ವರ್ಷಕ್ಕೊಮ್ಮೆ ಪ್ರದರ್ಶನ ಮಾಡುತ್ತಾರೆ. ಮೊದಲ ಎರಡು ವರ್ಷ ನನ್ನ ಚಿತ್ರಗಳು ಹೋದ ಹಾಗೆಯೇ ವಾಪಸು ಬಂದವು. ಆ ಗೋಡೆಯ ಮೇಲೆ ನನ್ನ ಹೆಸರು ಬರೆದ ಒಂದು ಚಿತ್ರ ತೂಗಬೇಕು ಎಂದು ನಾನು ಹಟ ಹಿಡಿದಿದ್ದೆ. ಲಿಲ್ಲಿಯ ತವರಿನವರೆಲ್ಲ ಶಾಲೆ ಕಾಲೇಜುಗಳಲ್ಲಿ ಕಲಿಸುವವರು. ಅವರು ಬಂದು ನೋಡಬೇಕು ಎಂಬ ಆಸೆ ನನಗಿಂತ ಅವಳಿಗೇ ಹೆಚ್ಚು.

ಕೆಲವು ವರ್ಷಗಳ ಹಿಂದೆ, ಪಾಸ್ಕ, ಅಂದರೆ ಈಸ್ಟರ್ ಹಬ್ಬ ಕಳೆದ ವಾರ, ಕಳಸದ ಕಡೆ ಹೋಗಿ ಸಂಜೆ ಕುದುರೆಮುಖದ ದಾರಿಯಲ್ಲಿ ವಾಪಸು ಬರುತ್ತಿದ್ದೆವು. ಆ ರಸ್ತೆ ರಾಷ್ಟ್ರೀಯ ಉದ್ಯಾನದ ಒಳಗಿನಿಂದಲೇ ಹಾದು ಬರುತ್ತದೆ. ನಡುವೆ ಗಾಡಿ ನಿಲ್ಲಿಸುವ ಹಾಗಿಲ್ಲ. ಅರ್ಧ ದಾರಿಯಲ್ಲಿ ಇಂಜಿನ್ ಕಾದ ವಾಸನೆ ಬಂತು. ನೋಡಿದರೆ ಹೀಟ್ ಮೀಟರಿನ ಮುಳ್ಳು ಕೆಂಪಿನ ಹತ್ತಿರ ನಿಂತಿದೆ. ಇಡೀ ಕುಲಶೇಖರದ ಗಾಡಿಗಳ ಜ್ವರ ಇಳಿಸುವವನ ಗಾಡಿಗೇ ಜ್ವರ. ಒಂದು ತಿರುವಿನಲ್ಲಿ, ಮೋರಿಯ ಪಕ್ಕ ನಿಲ್ಲಿಸಿದೆ. ಹೋಸ್ ಪೈಪಿನ ಕ್ಲಿಪ್ ಸಡಿಲಾಗಿ ನೀರೆಲ್ಲ ಸೋರಿ ಹೋಗಿತ್ತು.

“ಡ್ಯಾಡಿ, ಅಂಗಡಿ ಬೋರ್ಡಲ್ಲಿ ಹಾಕಿದ್ದೀರಲ್ಲ, ಗ್ಯಾರಂಟಿ ಕೆಲಸ ಅಂತ?” ಎಂದು ಶರಲ್ ನಕ್ಕಳು.

“ಆ ಬೋರ್ಡು ಗಿರಾಕಿಗಳಿಗೆ. ನೀನು ಕ್ಯಾನು ಹುಡುಕು.”

ಕ್ಲಿಪ್ ಬಿಗಿ ಮಾಡುವುದು ಕಷ್ಟವಲ್ಲ, ಆದರೆ ನೀರು ಬೇಕಲ್ಲ. ಕುಡಿಯುವ ಬಾಟ್ಲಿಗಳು ಮಧ್ಯಾಹ್ನವೇ ಖಾಲಿಯಾಗಿದ್ದವು. ಮಳೆ ಇನ್ನೂ ಶುರುವಾಗಿರಲಿಲ್ಲ, ಸುತ್ತ ಹುಲ್ಲು ಒಣಗಿ ಹಳದಿಯಾಗಿತ್ತು. ಆಗ ಲಿಲ್ಲಿ, “ಹೋಯ್, ಇಲ್ಲೇ ನೀರುಂಟಲ್ಲ, ನೋಡಿ” ಎಂದಳು.

ಮೋರಿಯ ಆಚೆ, ರಸ್ತೆಗೆ ತಾಗಿಕೊಂಡ ಹಾಗೆ, ಒಂದು ಕೆರೆ. ದೊಡ್ಡದೇನೂ ಅಲ್ಲ, ನಾವು ಪೂಜೆಗೆ ಹೋಗುವ ಇಗರ್ಜಿಯ ಅಂಗಳದಷ್ಟು ಇದ್ದೀತು. ಅದರ ಹಿಂದೆ ಹುಲ್ಲಿನ ಗುಡ್ಡ, ಗುಡ್ಡದ ಸೀಳಿನಲ್ಲಿ ಒಂದು ತುಂಡು ಕಪ್ಪು ಕಾಡು. ಅದೆಲ್ಲ ತಲೆಕೆಳಗಾಗಿ ನೀರಿನಲ್ಲಿ ನಿಂತಿತ್ತು. ಒಂದು ಗೆರೆಯಷ್ಟೂ ಅಲುಗಾಟ ಇರಲಿಲ್ಲ. ಸತ್ಯ ಹೇಳುತ್ತೇನೆ, ನಾನು ಇಂಜಿನನ್ನೇ ಮರೆತೆ. ಅದು ಹೇಗೂ ತಣಿಯಬೇಕು ಎಂದು ನನಗೆ ನಾನೇ ಹೇಳಿಕೊಂಡು ಕ್ಯಾಮೆರಾದ ಸ್ಟ್ಯಾಂಡು ಹೊರಗೆ ತೆಗೆದೆ.

ಶರಲ್ ಕ್ಯಾನು ಹಿಡಿದು ನೀರಿನ ಅಂಚಿಗೆ ಹೋದಳು. ಅವಳು ಚೌಕಟ್ಟಿನ ಒಳಗೇ ಇದ್ದಳು. ಅವಳು ಆಚೆ ಹೋಗಲಿ ಎಂದು ನಾನು ಕಣ್ಣು ಕ್ಯಾಮೆರಾಕ್ಕೆ ಹಚ್ಚಿ ಕಾಯುತ್ತಿದ್ದೆ. ಅವಳು ಬಗ್ಗಿದಳು, ಕ್ಯಾನು ಮುಳುಗಿಸಿದಳು, ಎತ್ತಿದಳು. ಖಾಲಿ ಕ್ಯಾನು ನೀರಿಗೆ ಹೋದರೆ ಗುಳುಗುಳು ಎನ್ನಬೇಕು, ಗುಳ್ಳೆ ಏಳಬೇಕು. ನಾನು ದಿನವೂ ನೋಡುವುದು ಅದನ್ನೇ. ಒಂದು ಗುಳ್ಳೆಯೂ ಏಳಲಿಲ್ಲ, ಸದ್ದೂ ಆಗಲಿಲ್ಲ. ತುಂಬಿಯೇ ಇಲ್ಲ ಎಂದುಕೊಂಡು, “ಸರಿ ಮುಳುಗಿಸು ಮಗಾ” ಎಂದು ಕೂಗಿದೆ. ಅವಳು ಎರಡೂ ಕೈಯಲ್ಲಿ ಹಿಡಿದು, ಒಂದು ಬದಿಗೆ ವಾಲಿಕೊಂಡು ಬಂದಳು. ಕ್ಯಾನು ಬಾಯಿಯ ತನಕ ತುಂಬಿತ್ತು. ಹೊರಮೈಯಲ್ಲಿ ಬೆವರಿನ ಹಾಗೆ ಹನಿ ಕೂತಿತ್ತು, ಅಷ್ಟು ತಣ್ಣಗೆ.

ನಾನು ಫೋಟೋ ತೆಗೆದೆ. ಇಂಜಿನ್ ಆರಿದ ಮೇಲೆ ಕ್ಲಿಪ್ ಬಿಗಿದು, ಆ ನೀರನ್ನು ಹೊಯ್ದು, ಗಾಡಿ ಹೊರಡಿಸಿದೆ. ಮುಳ್ಳು ಮತ್ತೆ ಮೇಲೇರಲಿಲ್ಲ.

ಉದ್ಯಾನದಿಂದ ಹೊರಬರುವ ಗೇಟಿನಲ್ಲಿ ಫಾರೆಸ್ಟ್ ಗಾರ್ಡ್ ಚೀಟಿಯ ಸಮಯ ನೋಡಿ ತಡ ಯಾಕೆ ಎಂದು ಕೇಳಿದ. ಗಾಡಿ ಹೀಟಾಯಿತು, ತಿರುವಿನ ಕೆರೆಯಿಂದ ನೀರು ಹಾಕಿಕೊಂಡೆವು ಎಂದೆ. “ಯಾವ ಕೆರೆ ಮಾರಾಯ್ರೇ? ಈಗ ಕಾಡಿನ ಕಾಟಿಗಳಿಗೇ ಕುಡಿಯಲಿಕ್ಕೆ ನೀರಿಲ್ಲ, ನಿಮ್ಮ ಗಾಡಿಗೆ ಸಿಕ್ಕಿತಾ?” ಎಂದು ನಕ್ಕ. ಹೊಸಬ ಇರಬೇಕು ಎಂದುಕೊಂಡು ನಾನು ಮುಂದೆ ಬಂದೆ. ಮರುದಿನ ಅಂಗಡಿಯಲ್ಲಿ ಹೊಸ ಪೈಪ್ ಹಾಕುವಾಗ ಆ ನೀರನ್ನು ಚರಂಡಿಗೆ ಬಿಟ್ಟೆ. ನೀರು ನೀರಿನ ಹಾಗೆಯೇ ಇತ್ತು. ಇಟ್ಟುಕೊಳ್ಳಬೇಕು ಎಂದು ಯಾರಿಗೆ ತೋಚುತ್ತದೆ?

ಆ ವರ್ಷದ ಪ್ರದರ್ಶನ ಮಳೆಗಾಲಕ್ಕೆ ಮೊದಲೇ ಇತ್ತು, ಸಂಘದವರು ನನ್ನ ಚಿತ್ರವನ್ನು ಆರಿಸಿದರು. ಆರಿಸಿದ್ದಷ್ಟೇ ಅಲ್ಲ, ನಿಸರ್ಗದ ವಿಭಾಗದಲ್ಲಿ ಅದಕ್ಕೇ ಮೊದಲ ಬಹುಮಾನ ಎಂಬ ಮಾತು ಹಬ್ಬಿತು. ಲಿಲ್ಲಿ ತವರಿಗೆಲ್ಲ ಫೋನು ಮಾಡಿದಳು. ಪ್ರದರ್ಶನಕ್ಕೆ ವಾರ ಇದೆ ಎನ್ನುವಾಗ ಸಂಘದ ಸದಸ್ಯರೊಬ್ಬರು ಚಿತ್ರ ನೋಡಿ, “ಈ ತಿರುವು ನನಗೆ ಗೊತ್ತುಂಟು. ಅಲ್ಲಿ ನೀರಿಲ್ಲ. ಇದು ಎರಡು ಫೋಟೋ ಸೇರಿಸಿ ಮಾಡಿದ್ದು” ಎಂದರು. ಅವರು ಆ ಕಾಡಿನಲ್ಲಿ ಬಹಳ ತಿರುಗಿದವರು, ದ್ವೇಷಕ್ಕೆ ಹೇಳುವವರೂ ಅಲ್ಲ. ಸಂಘದವರು ನನ್ನ ಕ್ಯಾಮೆರಾದ ಕಾರ್ಡನ್ನೇ ತರಿಸಿ ಕಂಪ್ಯೂಟರಿನಲ್ಲಿ ನೋಡಿದರು. ಜೋಡಿಸಿದ ಗುರುತು ಸಿಗಲಿಲ್ಲ. ಸಿಗಲಿಲ್ಲ ಎಂದ ಮಾತ್ರಕ್ಕೆ ಜೋಡಿಸಿಲ್ಲ ಎಂದು ಹೇಳಲಾಗುವುದಿಲ್ಲ ಎಂದರು. ಅದೂ ಸರಿಯೇ. ಆ ನೀರಿನ ಪಕ್ಕ ಮನುಷ್ಯರು ಇರುವ ಒಂದು ಫೋಟೋ ಇದೆಯೇ ಎಂದು ಕೇಳಿದರು. ಇರಲಿಲ್ಲ. ಮಗಳು ನೀರಿಗೆ ಬಗ್ಗಿದಾಗ ನನ್ನ ಬೆರಳು ಗುಂಡಿಯ ಮೇಲೆಯೇ ಇತ್ತು, ನಿಯಮಕ್ಕಾಗಿ ಒತ್ತಿರಲಿಲ್ಲ.

ಆ ಭಾನುವಾರವೇ ಗಾಡಿ ತೆಗೆದೆ. ಲಿಲ್ಲಿಯ ತಮ್ಮ ವಲೇರಿಯನ್, ಕಾಲೇಜಿನಲ್ಲಿ ವಿಜ್ಞಾನ ಕಲಿಸುವವನು, ಜೊತೆಗೆ ಬಂದ. ಶರಲ್ ಕೂಡ ಬಂದಳು. ಗೇಟಿನಲ್ಲಿ ಅದೇ ಗಾರ್ಡ್ ಇದ್ದ. “ಬನ್ನಿ, ನಿಮ್ಮ ಕೆರೆ ತೋರಿಸಿ, ನಮ್ಮ ಸಾಹೇಬರಿಗೂ ಹೇಳುವ” ಎಂದು ಗಾಡಿ ಹತ್ತಿದ.

ತಿರುವು ಇತ್ತು. ಮೋರಿ ಇತ್ತು, ಅದರ ಮುರಿದ ಮೂಲೆ ಇತ್ತು. ಗುಡ್ಡ, ಸೀಳಿನ ಕಾಡು, ಎಲ್ಲ ಫೋಟೋದಲ್ಲಿ ಇದ್ದ ಹಾಗೆಯೇ. ನೀರು ಇದ್ದ ಜಾಗದಲ್ಲಿ ಮೊಣಕಾಲೆತ್ತರದ ಒಣ ಹುಲ್ಲು. ಅದೂ ಸಪಾಟು ನೆಲವಲ್ಲ, ಗುಡ್ಡದಿಂದ ರಸ್ತೆಗೆ ಇಳಿಯುವ ಇಳಿಜಾರು. ಗಾರ್ಡ್ ಹುಲ್ಲು ಸರಿಸಿ, ತನ್ನ ಬಾಟ್ಲಿಯ ನೀರನ್ನು ನೆಲಕ್ಕೆ ಚೆಲ್ಲಿದ. ಅದು ಹರಿದುಕೊಂಡು ನನ್ನ ಚಪ್ಪಲಿಯ ತನಕ ಬಂತು.

“ಇಲ್ಲಿ ನಿಲ್ಲುದಿಲ್ಲ ಮಾರಾಯ್ರೇ, ಮಳೆಗಾಲದಲ್ಲೂ ನಿಲ್ಲುದಿಲ್ಲ” ಎಂದ. ಈಗ ಅವನು ನಗಲಿಲ್ಲ.

ಶರಲ್ ಹುಲ್ಲಿನ ನಡುವೆ ಒಂದು ಕಡೆ ಹೋಗಿ ನಿಂತು, “ಡ್ಯಾಡಿ, ಇಲ್ಲಿಂದಲೇ ತುಂಬಿಸಿದ್ದು” ಎಂದಳು. ಅವಳ ಸ್ವರ ಸಣ್ಣಗಾಗಿತ್ತು.

ವಾಪಸು ಬರುವಾಗ ವಲೇರಿಯನ್ ಕಾರಣ ಹುಡುಕಿದ. ಒಳ್ಳೆಯ ಹುಡುಗ, ನನ್ನನ್ನು ಉಳಿಸಲಿಕ್ಕೆಂದೇ ಹುಡುಕಿದ. “ಭಾವೋಜಿ, ಹಿಂದಿನ ದಿನ ಒಂದು ಮಳೆ ಬಂದಿರಬಹುದು. ಮೋರಿ ಹತ್ತಿರ ಹೊಂಡದಲ್ಲಿ ನೀರು ನಿಂತಿರಬಹುದು. ಕ್ಯಾಮೆರಾ ತಗ್ಗಿನಲ್ಲಿ ಇಟ್ಟರೆ ಸಣ್ಣ ಹೊಂಡವೂ ಕೆರೆ ಹಾಗೆ ಕಾಣ್ತದೆ. ಇಲ್ಲದಿದ್ದರೆ ಮಂಜು. ಸಂಜೆ ಮಂಜು ಇಳಿದು ಕೂತರೆ ನೀರಿನ ಹಾಗೆಯೇ ಇರ್ತದೆ.”

“ಮಂಜನ್ನು ಕ್ಯಾನಿನಲ್ಲಿ ತುಂಬಿಸಿ ರೇಡಿಯೇಟರಿಗೆ ಹೊಯ್ದು ಕುಲಶೇಖರದ ತನಕ ಗಾಡಿ ಓಡಿಸ್ಲಿಕ್ಕೆ ನಿನ್ನ ಕಾಲೇಜಿನಲ್ಲಿ ಕಲಿಸ್ತಾರಾ?” ಎಂದೆ. ಹೊಂಡದ ಮಾತಿಗೆ ಮಾತ್ರ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಹೊಂಡವನ್ನೂ ನಾವು ಅಲ್ಲಿ ಕಾಣಲಿಲ್ಲ ಎಂದಷ್ಟೇ ಹೇಳಬಲ್ಲೆ.

ಸುದ್ದಿ ನಮ್ಮ ವಾಡೆಯ ಮನೆಗಳಲ್ಲೆಲ್ಲ ಹರಡಿತು. ಪ್ರಾರ್ಥನಾಕೂಟದ ಹೆಂಗಸೊಬ್ಬರು ಮನೆಗೆ ಬಂದು, ಇದು ದೇವರ ಅದ್ಭುತ, ಕೂಟಕ್ಕೆ ಬಂದು ಸಾಕ್ಷಿ ಹೇಳಬೇಕು ಎಂದರು. ನಾನು ಹೋಗಲಿಲ್ಲ. ಸಡಿಲ ಕ್ಲಿಪ್ಪಿಗೆಲ್ಲ ಕೆರೆ ತೋಡಿಸುವಷ್ಟು ದೇವರಿಗೆ ಪುರುಸೊತ್ತು ಇರಲಾರದು. ಇನ್ನು ಕೆಲವರು ಅಲ್ಲಿ ಹಿಂದೆ ಯಾರೋ ಮುಳುಗಿ ಸತ್ತಿರಬೇಕು ಎಂದರು. ನೀರೇ ಇಲ್ಲದಲ್ಲಿ ಮುಳುಗುವುದು ಹೇಗೆ ಎಂದು ಕೇಳಿದ್ದಕ್ಕೆ ಸಿಟ್ಟಾದರು.

ಪ್ರದರ್ಶನದ ಹಿಂದಿನ ದಿನ ಸಂಘದ ಸೆಕ್ರೆಟರಿ ಬಲ್ಮಠಕ್ಕೆ ಕರೆಸಿದರು. ಸಮಾಧಾನದ ಮನುಷ್ಯ, ಕುರ್ಚಿ ಕೊಟ್ಟು ಚಾ ತರಿಸಿದರು. ನಿಸರ್ಗದ ವಿಭಾಗದಲ್ಲಿ ಇಡಲು ಆಗುವುದಿಲ್ಲ, ಆದರೆ ಚಿತ್ರ ಎಲ್ಲರಿಗೂ ಇಷ್ಟವಾಗಿದೆ ಎಂದರು. ಚಿತ್ರಗಳನ್ನು ಸೇರಿಸಿ ಮಾಡುವ ಕಲ್ಪನೆಯ ವಿಭಾಗ ಒಂದಿದೆ, ಅದರಲ್ಲಿ ಇಡೋಣ, ಬಹುಮಾನ ಖಂಡಿತ. ‘ಬೇರೆ ಬೇರೆ ಚಿತ್ರಗಳನ್ನು ಜೋಡಿಸಿದ್ದು’ ಎಂದು ಬರೆದ ಕಾಗದಕ್ಕೆ ನಾನು ಒಂದು ಸಹಿ ಹಾಕಿದರೆ ಮುಗಿಯಿತು.

ಒಂದು ರಾತ್ರಿಯ ಸಮಯ ಕೇಳಿ ಮನೆಗೆ ಬಂದೆ. “ಹಾಕಿ” ಎಂದಳು ಲಿಲ್ಲಿ. “ನೀರು ಇತ್ತು ಅಂತ ನಮಗೆ ಗೊತ್ತುಂಟಲ್ಲ, ಸಾಕು. ನಾಳೆ ಅಣ್ಣ, ಅತ್ತಿಗೆ ಎಲ್ಲ ಬರ್ತಾರೆ. ಗೋಡೆ ಖಾಲಿ ಇದ್ರೆ ನಾನು ಎಂತ ಹೇಳ್ಲಿ?”

“ನಮಗೆ ಗೊತ್ತಿದ್ದ ಮೇಲೆ ಇಲ್ಲ ಅಂತ ಬರೆಯುದು ಹೇಗೆ?”

“ಅಷ್ಟು ದೊಡ್ಡ ಹಟ ಯಾಕೆ ನಿಮಗೆ?”

ಅವಳು ಅತ್ತಳು. ಅವಳಿಗಾಗಿ ಸಹಿ ಹಾಕಿಬಿಡೋಣ ಎಂದು ಅರ್ಧ ಮನಸ್ಸು ಮಾಡಿದ್ದೆ. ಶರಲ್‌ನ ಕೋಣೆಗೆ ಹೋಗಿ ಬಾಗಿಲಲ್ಲಿ ನಿಂತು, “ನೀನು ಅವತ್ತು ಕ್ಯಾನಿನಲ್ಲಿ ತಂದದ್ದು ಎಂತ?” ಎಂದು ಕೇಳಿದೆ. ಅವಳು ಪುಸ್ತಕದಿಂದ ತಲೆ ಎತ್ತಿ, “ನೀರು ಡ್ಯಾಡಿ, ಮತ್ತೆಂತ?” ಎಂದಳು. ನಾನು ಸಹಿ ಹಾಕಿದರೆ ಅವಳು ಆ ಭಾರ ಹೊತ್ತು ತಂದದ್ದೇ ಸುಳ್ಳು ಎಂದಾಗುತ್ತದೆ.

ಬೆಳಿಗ್ಗೆ ಬಲ್ಮಠಕ್ಕೆ ಹೋಗಿ ಚಿತ್ರ ವಾಪಸು ಕೇಳಿದೆ. “ನಿಮಗೇ ನಷ್ಟ” ಎಂದು ಸೆಕ್ರೆಟರಿ ಬೇಸರದಿಂದಲೇ ಹೇಳಿದರು. ಆಗಲಿ ಎಂದೆ. ಚೌಕಟ್ಟನ್ನು ತಲೆಯ ಮೇಲೆ ಇಟ್ಟುಕೊಂಡು, ಒಳಗೆ ಬರುತ್ತಿದ್ದ ಜನರ ನಡುವೆಯೇ ಹೊರಗೆ ಬಂದೆ. ಲಿಲ್ಲಿಯ ಅಣ್ಣ ಮೆಟ್ಟಿಲಲ್ಲಿ ಸಿಕ್ಕಿ ಎಲ್ಲಿಗೆ ಎಂದು ಕೇಳಿದರು. ಮನೆಗೆ ಎಂದೆ. ಆಮೇಲೆ ಸಂಘಕ್ಕೂ ಹೋಗಲಿಲ್ಲ. ಲಿಲ್ಲಿ ಕೆಲವು ದಿನ ನನ್ನೊಡನೆ ಮಾತು ಬಿಟ್ಟಿದ್ದಳು.

ಅದು ಎಂತದ್ದು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದರಲ್ಲಿ ನನಗೆ ಅವಮಾನವೂ ಇಲ್ಲ. ಪ್ರತಿ ವರ್ಷ ಪಾಸ್ಕ ಕಳೆದ ಮೇಲೆ ಆ ದಾರಿಯಲ್ಲಿ ಹೋಗುತ್ತೇವೆ. ತಿರುವಿನಲ್ಲಿ ಗಾಡಿ ನಿಧಾನ ಮಾಡುತ್ತೇನೆ, ಮೂವರೂ ಆ ಕಡೆ ತಿರುಗಿ ನೋಡುತ್ತೇವೆ. ಹುಲ್ಲು ಇರುತ್ತದೆ. ನೀವು ನಂಬಲೇಬೇಕು ಎಂದು ನಾನು ಕೇಳುತ್ತಿಲ್ಲ. ಆದರೆ ನಾನು ಜೋಡಿಸಿದೆ ಎಂದು ಮಾತ್ರ ನನ್ನೆದುರು ಹೇಳಬೇಡಿ.

ಈಗ ನನ್ನಲ್ಲಿ ಇರುವುದು ಇಷ್ಟು. ಕುಲಶೇಖರದಲ್ಲಿ ಸ್ವಂತ ಅಂಗಡಿ ಒಂದು. ಕೆಲಸಕ್ಕೆ ಇಬ್ಬರು. ಗಾಡಿ ಒಂದು, ಕ್ಯಾಮೆರಾ ಒಂದು. ಬಹುಮಾನ ಒಂದೂ ಇಲ್ಲ. ಆ ಸಂಜೆ ತೆಗೆದ ಫೋಟೋ ಏಳು ಇವೆ, ಏಳರಲ್ಲೂ ನೀರಿದೆ.